ಕಾಕಾನ ಕಣ್ಣು, ಕಾಕಾನ ಬಿಪಿ

ದವಾಖಾನೆಯ ಗೋಡೆಗೆ ಗೋಡೆ ಹಚ್ಚಿ ಔಷಧದ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದು ದಿನಾ ತಾನಾಗಿಯೇ ಚೀಟಿ ಹಿಡಿದುಕೊಂಡು ಕಟ್ಟೆ ಹತ್ತುತ್ತದೆ. ಬನಹಟ್ಟಿಯಲ್ಲಿ ನನ್ನ ಅಂಗಡಿ ಇರುವುದು ಹಾಗೆ. ಎಡಕ್ಕೆ ಡಾಕ್ಟರ್ ಬಾಯಾರ ದವಾಖಾನೆ; ಲೇಡಿ ಡಾಕ್ಟರಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಹಿಂದೆ ನೇಕಾರರ ಓಣಿ. ಓಣಿಯ ಪಾವರ್‌ಲೂಮ್‌ಗಳು ಬೆಳಗಿನಿಂದ ಖಟಾಖಟ್ ಎನ್ನುತ್ತಿರುತ್ತವೆ. ನಾನು ಕೌಂಟರಿನ ಹಿಂದೆ ಪುಸ್ತಕ ಹಿಡಿದು ಕೂತಿರುತ್ತೇನೆ.

ಬಾಯಾರ ಹತ್ತಿರ ಬರುವವರಲ್ಲಿ ತಮಗೆ ಟೆನ್ಶನ್ ಇದೆ ಎಂದು ಒಪ್ಪಿಕೊಂಡವರನ್ನು ನಾನಿನ್ನೂ ಕಂಡಿಲ್ಲ. ತಲೆನೋವು ಇರುತ್ತದೆ, ಹೊಟ್ಟೆ ಉರಿಯುತ್ತದೆ, ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. "ಏನಾದರೂ ಚಿಂತೆ ಇದೆಯಾ?" ಎಂದು ಬಾಯಾರು ಕೇಳಿದರೆ ಉತ್ತರ ಒಂದೇ. "ಛೇ ಛೇ, ಚಿಂತಿ ಏನಿಲ್ರಿ. ಮಗಳ ಮದಿವಿ ಐತಿ, ಮನಿ ಅರ್ಧಕ್ಕ ನಿಂತೈತಿ, ತಮ್ಮ ಪಾಲು ಕೇಳಾಕತ್ತಾನ, ಅಷ್ಟ. ಚಿಂತಿ ಮಾತ್ರ ಏನಿಲ್ಲ."

ಇಲ್ಲಿ ಬರೆಯುವ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಬರುವವರು ಹಿಂದಿನ ಓಣಿಯ ಒಬ್ಬ ಹಿರಿಯ ನೇಕಾರರು. ಇಡೀ ಓಣಿಗೆ ಅವರು ಕಾಕಾ, ಅವರ ಹೆಂಡತಿ ಕಾಕು. ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ಮಗ್ಗ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಎಳೆ ತಪ್ಪಿದ ಸೀರೆ ಆ ಮನೆಯಿಂದ ಹೊರಗೆ ಬಂದದ್ದಿಲ್ಲ ಎಂಬ ಹೆಸರಿತ್ತು. ಈಚೆಗೆ ಕಾಕಾನ ಕಣ್ಣಿಗೆ ಪೊರೆ ಬಂತು. ಆಪರೇಶನ್ ಆಗಬೇಕು. ಆಪರೇಶನ್ ಆಗಬೇಕೆಂದರೆ ಬಿಪಿ ಇಳಿಯಬೇಕು. ಬಿಪಿ ಇಳಿಯಲು ಒಲ್ಲೆ ಎನ್ನುತ್ತಿತ್ತು. ಕಥೆ ಇಷ್ಟೇ. ಉಳಿದದ್ದು ಅದರ ಸುತ್ತ ನಡೆದ ಗದ್ದಲ.

ಸಿಟ್ಟಿನ ಊರು

ಕಣ್ಣಿನ ಮಾತಿಗೆ ಮುಂಚೆ ದನಿಯ ಮಾತು ಹೇಳಬೇಕು. ಬಾಯಾರು ತುಮಕೂರು ಕಡೆಯವರು. ಗಂಡನಿಗೆ ಇಲ್ಲಿ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದು ದವಾಖಾನೆ ತೆರೆದರು. ಮೆಲುದನಿ, ಮೆಲುನಡೆ. ಮೊದಲ ವಾರದಲ್ಲೇ ಕಾಕಾ ನೆಗಡಿಯೆಂದು ಹೋದರು. ಕುರ್ಚಿಯಲ್ಲಿ ಕೂತವರೇ, "ನೆಗಡಿ ಆಗೇತ್ರಿ!" ಎಂದರು. ಗೋಡೆಯ ಈಚೆ ನನ್ನ ಗಿರಾಕಿ ಬೆಚ್ಚಿ ತಿರುಗಿ ನೋಡಿದ.

"ಯಾಕೆ ಇಷ್ಟೊಂದು ಸಿಟ್ಟು?" ಎಂದರು ಬಾಯಾರು.

"ಸಿಟ್ಟೆಲ್ಲಿ ಬಂತ್ರಿ? ನೆಗಡಿ ಅಂದ್ನಿ!"

ಬಾಯಾರು ನೆಗಡಿಗೆ ಔಷಧ ಬರೆದರು. ಸಿಟ್ಟು ಬಿಪಿ ಏರಿಸುತ್ತದೆ, ಎದೆಗೂ ಒಳ್ಳೆಯದಲ್ಲ, ಮಾತಾಡುವ ಮುಂಚೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಎಂದು ತಿಳಿಸಿ ಹೇಳಿದರು. ಕಾಕಾ ವಿಧೇಯರು. ಮರುದಿನ ಕಾಕು ಬಂದರು.

"ಏನ್ ಹೇಳಿ ಕಳಿಸೀರಿ ನಮ್ಮವರಿಗೆ! ಒಂದ್ ಮಾತ್ ಕೇಳಿದ್ರ ನಿಂತಲ್ಲೇ ಎಣಸಾಕತ್ತಾರ! ಅವರದು ಹತ್ತ್ ಆಗೂದರೊಳಗ ಎಳಿ ಹರದ ಹೋಗಿರತೈತಿ!"

"ಅಮ್ಮಾ, ನಿಮಗೂ ಸ್ವಲ್ಪ ಸಿಟ್ಟು..."

"ನನಗ್ಯಾಕ ಸಿಟ್ಟ್ರಿ! ನಿಮ್ಮನ್ನ ಊಟಕ್ಕ ಕರಿಯಾಕ ಬಂದೇನಿ!"

ಸಂಜೆ ಬಾಯಾರು ನನ್ನ ಕೌಂಟರಿಗೆ ಬಂದು, "ಈ ಊರಲ್ಲಿ ಎಲ್ಲರೂ ಯಾವಾಗಲೂ ಯಾಕೆ ಜಗಳ ಆಡ್ತಿರ್ತಾರೆ?" ಎಂದು ಕೇಳಿದರು. ನಾನು ಅಂಗಡಿಯ ಹಿಂಬಾಗಿಲು ತೆಗೆದೆ. ಓಣಿಯ ಮಗ್ಗಗಳ ಸದ್ದೆಲ್ಲ ಒಟ್ಟಿಗೆ ಒಳಗೆ ನುಗ್ಗಿತು. ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು, ಆಮೇಲೆ ನಗತೊಡಗಿದರು. ಹುಟ್ಟಿದಂದಿನಿಂದ ಮಗ್ಗದ ಸದ್ದಿನ ಮೇಲೆ ದನಿ ಎತ್ತಿ ಮಾತಾಡಿದ ಜನಕ್ಕೆ ಅದನ್ನು ತಗ್ಗಿಸುವ ಗುಂಡಿ ಎಲ್ಲಿದೆಯೆಂದು ಗೊತ್ತಿಲ್ಲ.

ಆ ದಿನದಿಂದ ನನಗೆ ಬಾಯಾರ ಮೇಲೆ ಗೌರವ. ಅವರು ಊರಿನ ದನಿ ತಗ್ಗಿಸಲು ಹೋಗಲಿಲ್ಲ, ತಮ್ಮ ದನಿ ಏರಿಸಿದರು. ದೀಪಾವಳಿಗೆ ತವರಿಗೆ ಹೋಗಿ ಬಂದವರು ಹೇಳಿದರು: "ನಮ್ಮಮ್ಮ ನನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರು. ಅಳಿಯನ ಜೊತೆ ಏನಾಗಿದೆ, ನಿಜ ಹೇಳು ಅಂದ್ರು."

ನನ್ನ ಕುತ್ತಿಗೆ

ಒಮ್ಮೆ ನನ್ನ ಕುತ್ತಿಗೆ ಹಿಡಿಯಿತು. ಅಂಗಡಿಯಲ್ಲಿದ್ದ ಮುಲಾಮುಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದೆ. ಮಾರುವವನಿಗೆ ಅವುಗಳ ಮೇಲೆ ಇರಬೇಕಾದ ನಂಬಿಕೆಯೂ ಹೋಯಿತು. ಬಾಯಾರು ಹೆಗಲು ಒತ್ತಿ ನೋಡಿ, "ಹಲ್ಲು ಕಚ್ಚಿಕೊಂಡು ಕೂರ್ತೀರಾ?" ಎಂದು ಕೇಳಿದರು. ಕೂರುತ್ತಿದ್ದೆ. ಅಂಗಡಿ ಕಟ್ಟಡದ ಮಾಲೀಕರು ಜಾಗ ಬಿಡಿ ಎಂದು ಪದೇ ಪದೇ ಹೇಳಿ ಕಳಿಸುತ್ತಿದ್ದ ಕಾಲ ಅದು. ನಾನು ಅದನ್ನು ಮನೆಯಲ್ಲೂ ಹೇಳಿರಲಿಲ್ಲ.

"ಬಾಯಿಂದ ಹೊರಗೆ ಬರಬೇಕಾಗಿದ್ದು ಕುತ್ತಿಗೆಯಲ್ಲಿ ಕೂತಿದೆ. ದಿನಾ ಸ್ವಲ್ಪ ಹೊತ್ತು ಯಾರ ಹತ್ತಿರವಾದರೂ ಮಾತಾಡಿ" ಎಂದರು.

ಇದಕ್ಕಿಂತ ಸೂಜಿ ಚುಚ್ಚಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯೋಚಿಸಿ ಒಂದು ದಾರಿ ಕಂಡುಕೊಂಡೆ. ಮಧ್ಯಾಹ್ನ ಕಾಕಾನ ಮಗ್ಗದ ಕೋಣೆಗೆ ಹೋಗಿ ಒಂದು ಮೂಲೆಯಲ್ಲಿ ನಿಂತು ಮಾತಾಡುವುದು. ನಾಲ್ಕು ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಮಾಲೀಕರ ಬಗ್ಗೆ ಹೇಳಿಕೊಂಡೆ. ಆ ಹುಮ್ಮಸ್ಸಿನಲ್ಲಿ ಮನೆಯ ಬಗ್ಗೆಯೂ ಒಂದೆರಡು ಮಾತು ಬಂದವು. ಕುತ್ತಿಗೆ ಹಗುರಾಯಿತು. ಬಾಯಾರ ವಿದ್ಯೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆ ವಾರವೇ ಕಾಕು ಗುಳಿಗೆ ಒಯ್ಯಲು ಬಂದವರು ಕೌಂಟರಿಗೆ ಮೊಣಕೈ ಊರಿದರು.

"ತಮ್ಮಾ, ಮಾಲಕಗ ಅಷ್ಟ್ ಹೆದರಬ್ಯಾಡ. ಆತ ಹೇಳೂದ ಹಂಗ, ಮಾಡೂದೇನಿಲ್ಲ. ಆದ್ರ ನಿನ್ನ ಹೇಂತಿ ಮಾಡಿದ ಸಾರಿಗೆ ಅಷ್ಟ್ ಹೆಸರ ಇಡಬಾರದಪ್ಪಾ."

ನನ್ನ ಕುತ್ತಿಗೆ ನಿಂತಲ್ಲೇ ಮತ್ತೆ ಹಿಡಿಯಿತು. ಮಗ್ಗದ ಕೋಣೆಯಲ್ಲಿ ಬಾಳಿದವರಿಗೆ ಕಿವಿ ಬೇಕಾಗಿಲ್ಲ, ತುಟಿ ನೋಡಿ ಮಾತು ತಿಳಿಯುತ್ತಾರೆ. ಇದು ನೇಕಾರರ ಓಣಿಯ ಮಗ್ಗುಲಲ್ಲಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಅಂದಿನಿಂದ ಗೋಡೆಯ ಕಡೆ ಮುಖ ಮಾಡಿ ಮಾತಾಡತೊಡಗಿದೆ.

"ಕಾಕಾಗೂ ತಿಳಿದಿದೆಯಾ?" ಎಂದು ಆಗಲೇ ಕಾಕುವನ್ನು ಕೇಳಿದೆ.

"ಅವರಿಗೆಲ್ಲಿ ತಿಳಿಬೇಕೋ" ಎಂದರು ಕಾಕು, ಗುಳಿಗೆ ಸೆರಗಿಗೆ ಗಂಟು ಹಾಕುತ್ತ. "ನನ್ನ ತುಟೀನೂ ಈಗ ಅವರಿಗೆ ಕಾಣಾಂಗಿಲ್ಲ. ಮದಿವಿ ಆದಾಗಿಂದ ಆ ಸದ್ದಿನ್ಯಾಗ ಮಾತಾಡಕೋತ ಬಂದೇವಿ. ಈಗ ನಾ ಒಂದ್ ಹೇಳಿದ್ರ ಅವರು ಒಂದ್ ತರತಾರ. ಎಳಿ ಹ್ವಾದ್ರ ಹೋಗವಲ್ದ್ಯಾಕ, ಮಾತ ಹೋತಲ್ಲೋ."

ಉಸಿರು ಮತ್ತು ಉಳ್ಳಾಗಡ್ಡಿ

ಆಪರೇಶನ್ ಜಮಖಂಡಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ. ಕಾಕು ಮಗ್ಗ ಬಿಟ್ಟು ಬರುವಂತಿಲ್ಲ. ಹೀಗಾಗಿ ಜೊತೆಗೆ ನಾನು. ಮೊದಲ ಸಲ ಬಿಪಿ ನೋಡಿದ ನರ್ಸ್ ಯಂತ್ರ ಕೆಟ್ಟಿದೆಯೆಂದು ಇನ್ನೊಂದು ಯಂತ್ರ ತಂದರು. ಅದೂ ಕೆಟ್ಟಿರಲಿಲ್ಲ. ಇಷ್ಟು ಬಿಪಿಯಲ್ಲಿ ಆಪರೇಶನ್ ಆಗದು ಎಂದು ವಾಪಸು ಕಳಿಸಿದರು. ಬನಹಟ್ಟಿಗೆ ಬಂದ ಮೇಲೆ ಬಾಯಾರು ನೋಡಿದರೆ ಬಿಪಿ ನೆಟ್ಟಗೆ.

"ಆಸ್ಪತ್ರೆ ಅಂದ್ರೆ ಭಯ. ಭಯಕ್ಕೆ ಮೈ ಬಿಗಿಯುತ್ತೆ, ಎದೆ ಜೋರಾಗಿ ಬಡಿಯುತ್ತೆ, ಬಿಪಿ ಏರುತ್ತೆ" ಎಂದ ಬಾಯಾರು ಕಾಕಾಗೆ ನಿಧಾನ ಉಸಿರಾಟ ಕಲಿಸಿದರು. ಮೂಗಿನಿಂದ ಎಳೆಯಬೇಕು, ಬಾಯಿಂದ ನಿಧಾನ ಬಿಡಬೇಕು, ಕಣ್ಣು ಮುಚ್ಚಿರಬೇಕು.

ಎರಡನೇ ಸಲ ಹೊರಟಾಗ ಕಾಕಾ ಬಸ್ಸಿನಲ್ಲೇ ಶುರು ಮಾಡಿದರು. ದನಿ ಜೋರಿನ ಮನುಷ್ಯನ ಉಸಿರೂ ಜೋರು. ಕಣ್ಣು ಮುಚ್ಚಿ, ಬಾಯಿ ತೆರೆದು, "ಹಾ...ಹ್" ಎಂದು ಬಿಟ್ಟರು. ಎದುರು ಸೀಟಿನ ಹೆಂಗಸು ತಿರುಗಿ ನೋಡಿ, "ಅಯ್ಯ ಶಿವನ, ಅಜ್ಜಾಗ ಏನೋ ಆತು! ಬಸ್ ನಿಲ್ಲಸ್ರೋ!" ಎಂದು ಕೂಗಿದಳು.

ಬಸ್ಸು ನಿಂತಿತು. ಒಬ್ಬ ಪೇಟದಿಂದ ಗಾಳಿ ಹಾಕಿದ. ಇನ್ನೊಬ್ಬ ಕಾಲು ತಿಕ್ಕಿದ. ಮೂರನೆಯವನು ಸಾವಳಗಿ ಸಂತೆಯ ಚೀಲದಿಂದ ಉಳ್ಳಾಗಡ್ಡಿ ತೆಗೆದು ಹಲ್ಲಿನಿಂದಲೇ ಸೀಳಿ ಕಾಕಾನ ಮೂಗಿಗೆ ಹಿಡಿದ. ಕಾಕಾ ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ಬಂತು. ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು. "ಬಂತು, ಜೀವ ಬಂತು!" ಎಂದು ಎಲ್ಲರೂ ಸಂತೋಷಪಟ್ಟರು. "ಏನೂ ಆಗಿಲ್ಲ, ಅದು ವ್ಯಾಯಾಮ" ಎಂದು ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ. ನನ್ನ ದನಿ ಸಣ್ಣದು.

ಕಂಡಕ್ಟರ್ ನಮ್ಮನ್ನು ಆಸ್ಪತ್ರೆಯ ಬಾಗಿಲಲ್ಲೇ ಇಳಿಸಿದರು. ಆ ಬಸ್ಸಿನ ಜನರ ಅಂತಃಕರಣ ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಒಳಗೆ ಬಿಪಿ ಎಂದಿನಂತೆ ಮೇಲೆ. ಕಣ್ಣಿನ ಡಾಕ್ಟರು ಕಾಕಾನ ಕೆಂಪಾದ ಕಣ್ಣು ನೋಡಿ, "ಇದಕ್ಕೇನು ಹಾಕಿದಿರಿ?" ಎಂದು ಕೇಳಿದರು.

ಕಾಕಾ ಪ್ರಾಮಾಣಿಕರು. "ಸಾವಳಗಿ ಉಳ್ಳಾಗಡ್ಡಿರಿ" ಎಂದರು.

ಹೊಟ್ಟೆನೋವಿನ ಫೋನು

ಕಾಕುವಿಗೆ ಒಬ್ಬ ಅಣ್ಣ. ಬೀಳಗಿ ತಾಲೂಕಿನ ಬಾಡಗಂಡಿ ಹತ್ತಿರ ಕಬ್ಬಿನ ಹೊಲ. ಅನುಕೂಲಸ್ಥರು. ಪ್ರತಿ ಚಳಿಗಾಲ ಅವರಿಗೆ ಹೊಟ್ಟೆನೋವು. ಹೊಟ್ಟೆಯ ಫೋಟೋಗಳ ಒಂದು ಚೀಲವೇ ಅವರ ಹತ್ತಿರ ಇತ್ತು. ಎಲ್ಲದರಲ್ಲೂ ಹೊಟ್ಟೆ ಚೆನ್ನಾಗಿಯೇ ಇತ್ತು. ತಂಗಿಯ ಮಾತಿನ ಮೇಲೆ ಬಾಯಾರ ಹತ್ತಿರ ಬಂದರು. ಬಾಯಾರು ಚೀಲ ಬಿಚ್ಚಿ ಎಲ್ಲ ನೋಡಿ, ಪಕ್ಕಕ್ಕಿಟ್ಟು ಕೇಳಿದರು.

"ನೋವು ಯಾವಾಗ ಶುರು ಆಗುತ್ತೆ?"

"ಸಕ್ರಿ ಫ್ಯಾಕ್ಟರಿ ಶುರುವಾದ ಮ್ಯಾಲ್ರಿ."

"ಯಾವಾಗ ಹೋಗುತ್ತೆ?"

"ಕಬ್ಬು ಹ್ವಾದ ಮ್ಯಾಲ್ರಿ."

ಆಮೇಲೆ ಉಳಿದದ್ದನ್ನು ಅವರೇ ಬಿಚ್ಚಿ ಹೇಳಿದರು. ಕಬ್ಬು ಕಡಿಯುವ ಗ್ಯಾಂಗು ಇಂದು ಬಂತು, ನಾಳೆ ಬಂತು ಎಂದು ಕಾಯುವುದು. ಆ ಗ್ಯಾಂಗಿನ ಮುಕಾದಮನಿಗೆ ಊಟಕ್ಕೆ ಕೂತಲ್ಲೂ ಫೋನು, ಹಾಸಿಗೆಯಲ್ಲೂ ಫೋನು. "ಊಟದ ಹೊತ್ತಿಗೆ ಫೋನ್ ನಿಮ್ಮ ಹತ್ತಿರ ಇರಬಾರದು. ಹೆಂಡತಿ ಕೈಲಿ ಕೊಡಿ. ಉಂಡ ಮೇಲೆ ಹೊಲ ಸುತ್ತಿ ಬನ್ನಿ" ಎಂದರು ಬಾಯಾರು.

ಹದಿನೈದು ದಿನಕ್ಕೆ ಅವರು ಮತ್ತೆ ಬಂದರು. ಮುಖದಲ್ಲಿ ಕಳೆ. "ಹೊಟ್ಟಿನೋವ ಹೋತ್ರಿ. ಕಬ್ಬೂ ಹೋತ್ರಿ! ಮುಕಾದಮ ಫೋನ್ ಮಾಡಿದಾಗ ನಮ್ಮಾಕಿ ತಗೊಂಡಿದ್ಲು. ಏನಂದ್ಲೋ ಗೊತ್ತಿಲ್ಲ, ಮರುದಿನ ಮುಂಜಾನಿಗೆ ಗ್ಯಾಂಗ್ ಬಂದು ಹೊಲದಾಗ ನಿಂತಿತ್ತು. ಈಗ ಫೋನ್ ಹಿಡಿಯಾಕ ಒಲ್ಲೆ ಅಂತಾಳ. ಮುಂದಿನ ವರ್ಷಕ್ಕೂ ಇದನ್ನ ಔಷಧ ಅಂತ ಒಂದ್ ಚೀಟಿ ಬರದ ಕೊಡ್ರಿ ಬಾಯಾರ."

ಗಾದಿಯೂ ಗಾಣವೂ

ಹೊಟ್ಟೆ ಚೆನ್ನಾದ ಖುಷಿಯಲ್ಲಿ ಅಣ್ಣ, "ನಮ್ಮ ಹೊಲದ ಮನಿಗೆ ನಮ್ಮ ತಂಗಿ ಗಂಡನ್ನ ಕಳಿಸ್ರಿ. ಹಕ್ಕಿ ಸದ್ದು ಬಿಟ್ರ ಮತ್ತೇನಿಲ್ಲ, ಬಿಪಿ ತಾನ ಇಳಿತೈತಿ" ಎಂದರು. ಬಾಯಾರಿಗೂ ಸರಿ ಎನ್ನಿಸಿತು. ಶಾಂತಿ, ವಿಶ್ರಾಂತಿ, ಒಳ್ಳೆಯ ಗಾಳಿ. ಓದಿಕೊಂಡವರು ಯಾರಾದರೂ ಅದನ್ನೇ ಹೇಳುತ್ತಿದ್ದರು. ನಾನೂ ತಲೆ ಆಡಿಸಿದೆ.

ಕಾಕಾ ಹೋದರು. ಕೆಲವು ದಿನಕ್ಕೆ ಅಣ್ಣನೇ ಅವರನ್ನು ವಾಪಸು ಕರೆತಂದು ಬಾಯಾರ ಎದುರು ಕೂಡಿಸಿದರು. ಗದ್ದಲ ಕೇಳಿ ನಾನೂ ದವಾಖಾನೆಗೆ ಹೋದೆ.

"ತಗೋರಿ ನಿಮ್ಮ ಪೇಶಂಟ್ನ. ಹೊಸಾ ಗಾದಿ ಹಾಸಿ ಕೊಟ್ನಿ, ಒಟ್ಟ ನಿದ್ದಿಲ್ಲ. ಎದ್ದ ಕುಂಡರತಾರ, ಬಾಗಲಾ ತಗದ ನೋಡತಾರ, ಯಾರಿಗೇನಾತು ಅಂತ ಕೇಳತಾರ. ಒಂದಿನ ಮಧ್ಯಾಹ್ನ ಮನಷ್ಯಾನ ಇಲ್ಲ! ಬಾವಿ ನೋಡಿದ್ವಿ, ಕೆನಾಲ್ ನೋಡಿದ್ವಿ, ಕಬ್ಬಿನಾಗೆಲ್ಲಾ ಹುಡುಕಿದ್ವಿ. ಎಲ್ಲಿದ್ರು ಅಂತೀರಿ? ಮಗ್ಗಲ ಹೊಲದಾಗ ಬೆಲ್ಲದ ಗಾಣ ನಡದಿತ್ತು. ಅದರ ಇಂಜಿನ್ ಬುಡಕ ಗ್ವಾಣಿಚೀಲದ ಮ್ಯಾಲ ಗೊರಕಿ ಹೊಡಿಯಾಕತ್ತಿದ್ರು. ಇಂಜಿನ್ ಸದ್ದ್ಯಾವುದು, ಗೊರಕಿ ಸದ್ದ್ಯಾವುದು ತಿಳೀಲಿಲ್ರಿ!"

ಕಾಕಾ ತಲೆ ತಗ್ಗಿಸಿ, "ಅಲ್ಲಿ ಒಂದೀಟು ಮನಿ ಇದ್ದಂಗ ಇತ್ರಿ" ಎಂದರು.

ನಿಂತ ಮಗ್ಗಗಳು

ಬಾಯಾರು ಪೆನ್ನು ಕೆಳಗಿಟ್ಟರು. ಅವರಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಇದನ್ನು. ತಮ್ಮ ಮದ್ದು ನಡೆಯದಿದ್ದರೆ ರೋಗಿಯ ಮೇಲೆ ಮುನಿಸಿಕೊಳ್ಳುವುದಿಲ್ಲ, ಪ್ರಶ್ನೆ ಬದಲಿಸುತ್ತಾರೆ.

"ಕಾಕಾ, ಸದ್ದಿಲ್ಲದಿದ್ದರೆ ನಿಮಗೆ ಏನನ್ನಿಸುತ್ತೆ?"

"ಏನ್ ಅನಸತೈತ್ರಿ... ಯಾರೋ ಹ್ವಾದ್ರು ಅನಸತೈತಿ."

ಬಾಯಾರು ನನ್ನ ಕಡೆ ನೋಡಿದರು. ಆಗ ನನಗೆ ಹೊಳೆಯಿತು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲ ಮನೆಗಳ ಮಗ್ಗ ನಿಲ್ಲಿಸುತ್ತಾರೆ. ಮಣ್ಣು ಮುಗಿಯುವವರೆಗೆ ಒಂದೂ ನಡೆಯುವುದಿಲ್ಲ. ಮನೆಮನೆಗೆ ಹೋಗಿ ಹೇಳಬೇಕಿಲ್ಲ, ಸದ್ದು ನಿಂತರೆ ಸಾಕು, ಜನ ಚಪ್ಪಲಿ ಮೆಟ್ಟಿ ಹೊರಬೀಳುತ್ತಾರೆ. ಕರೆಂಟು ಹೋದಾಗಲೂ ಕಾಕಾ ಮೊದಲು ನೋಡುವುದು ಬಲ್ಬಿನ ಕಡೆ, ಸದ್ದು ನಿಂತದ್ದು ಕರೆಂಟಿಗೋ ಸಾವಿಗೋ ಎಂದು.

"ಮತ್ತೆ ಆ ಕಣ್ಣಿನ ಆಸ್ಪತ್ರೆಯಲ್ಲಿ?" ಎಂದರು ಬಾಯಾರು.

"ಅಲ್ಲಿ ಕರೆಂಟ್ ಇರತೈತ್ರಿ, ಸದ್ದ ಇರಾಂಗಿಲ್ಲ. ಬಾಗಲಾ ಹಾಕ್ತಾರ. ಎಲ್ಲಾರೂ ಪಿಸಿಪಿಸಿ ಮಾತಾಡತಾರ. ಬಿಳೇ ಅರಿವಿ ಹೊಚ್ಚತಾರ." ಕಾಕಾ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ಯಾರ ಹ್ವಾದ್ರು ಅಂತ ಸುತ್ತಲ ನೋಡತೇನ್ರಿ. ಮಲಗಿದಾಂವ ನಾ ಒಬ್ಬನ ಇರತೇನಿ."

ಬಾಯಾರು ನಗಬಾರದೆಂದು ತುಟಿ ಕಚ್ಚಿಕೊಂಡರು. ಅಣ್ಣ ಮುಖ ತಿರುಗಿಸಿದರು. ಮೊದಲು ನಕ್ಕವರು ಕಾಕಾನೇ.

ಮೂರನೇ ಮಗ್ಗ

ಬಾಯಾರು ಜಮಖಂಡಿಯ ಕಣ್ಣಿನ ಡಾಕ್ಟರಿಗೆ ಫೋನು ಮಾಡಿದರು. ಅವರೂ ದೊಡ್ಡ ಮನಸ್ಸಿನವರು. "ನನ್ನ ಆಪರೇಶನ್ ಥಿಯೇಟರಿನಲ್ಲಿ ಭಜನೆ ಹಾಕಿದ್ದೇನೆ, ಹಾಡು ಹಾಕಿದ್ದೇನೆ. ಮಗ್ಗ ಒಂದು ಹಾಕಿರಲಿಲ್ಲ" ಎಂದರಂತೆ.

ಹೀಗೆ ಮೂರನೇ ಸಲ. ಮನೆಯಲ್ಲಿ ಕಾಕು ನಾಲ್ಕೂ ಮಗ್ಗ ಚಾಲೂ ಮಾಡಿ, ಫೋನನ್ನು ಕಿಟಕಿಯಲ್ಲಿ ಇಟ್ಟರು. ಇಲ್ಲಿ ನನ್ನ ಫೋನು ಕಾಕಾನ ದಿಂಬಿನ ಹತ್ತಿರ. ಖಟಾಖಟ್ ಶುರುವಾಯಿತು. ನರ್ಸ್ ಕಿವಿ ಮುಚ್ಚಿಕೊಂಡರು. ಕಾಕಾನ ಹೆಗಲು ಇಳಿಯಿತು, ಮುಷ್ಟಿ ಬಿಚ್ಚಿತು. ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ಕಣ್ಣಿನ ಡಾಕ್ಟರು, "ಅಜ್ಜಾರ, ನಾ ಮುಗೀತು ಅನ್ನೂತನಕ ಅಲುಗಾಡಬಾರದು, ಮಾತಾಡಬಾರದು" ಎಂದು ಹೇಳಿ ಫೋನಿನ ಸಮೇತ ಒಳಗೆ ಕರೆದೊಯ್ದರು. ನಾನು ಬಾಗಿಲ ಹೊರಗೆ ಪುಸ್ತಕ ಹಿಡಿದು ಕೂತೆ. ಒಂದು ಪುಟವೂ ಮಗುಚಲಿಲ್ಲ.

ಒಳಗೆ ನಡೆದದ್ದನ್ನು ಡಾಕ್ಟರೇ ಆಮೇಲೆ ಹೇಳಿದರು. ಆಪರೇಶನ್ ಅರ್ಧಕ್ಕೆ ಬಂದಾಗ ಮಗ್ಗದ ಸದ್ದು ಸ್ವಲ್ಪ ಬದಲಾಯಿತು. ಅವರಿಗೆ ಅದು ತಿಳಿಯಲಿಲ್ಲ, ಕಾಕಾನ ಕಾಲ್ಬೆರಳು ಸೆಟೆದದ್ದು ಮಾತ್ರ ಕಂಡಿತು. ಆದರೆ ಮನುಷ್ಯ ಕದಲಲಿಲ್ಲ, ಉಸಿರೆತ್ತಲಿಲ್ಲ. "ಮುಗೀತು ಅಜ್ಜಾರ" ಎಂದದ್ದೇ ತಡ, ನನಗೆ ಹೊರಗೂ ಕೇಳುವಂತೆ ಕಾಕಾನ ದನಿ ಎದ್ದಿತು.

"ಏ ಇಕಿನ! ಮೂರನೇ ಮಗ್ಗದ ಲಾಳಿ ಕೆಟ್ಟ್ ಹೊಡಿಯಾಕತ್ತೈತಿ! ನಿಲ್ಲಸ! ಸೀರಿ ಹಾಳಾತು!"

ಫೋನಿನಿಂದ ಕಾಕುವಿನ ದನಿ ಅದಕ್ಕಿಂತ ಜೋರಾಗಿ ಬಂತು.

"ನನಗ ಕಾಣಾಂಗಿಲ್ಲೇನ್ರಿ? ನಿಲ್ಲಿಸಿದ್ರ ನಿಮ್ಮ ಬಿಪಿ ಏರತೈತಿ ಅಂತ ನಾನ ಬಿಟ್ಟೇನಿ! ಸೀರಿ ಹಾಳಾದ್ರ ನಾ ಉಡತೇನಿ, ನೀವು ಸುಮ್ಮಕ ಮಲಕೋರಿ!"

ಎಳೆ ತಪ್ಪಿದ ಸೀರೆ ಹೊರಗೆ ಬಾರದ ಮನೆ ಅದು.

ಕಂಡ ಮೇಲೆ

ಕಣ್ಣು ಬಂತು. ಕಾಕಾ ಬನಹಟ್ಟಿಗೆ ಬಂದು ಮೊದಲು ಬಿಡಿಸಿ ನೋಡಿದ್ದು ಆ ಸೀರೆಯನ್ನು. ಎಲ್ಲೆಲ್ಲಿ ತಪ್ಪಿದೆಯೆಂದು ಬೆರಳಿಟ್ಟು ತೋರಿಸಿದರು. "ಕಾಣತೈತಲ್ಲ, ಮತ್ತೇನ ಬೇಕು" ಎಂದು ಕಾಕು ಅದನ್ನು ಕಸಿದುಕೊಂಡು ಉಟ್ಟರು. ಹಬ್ಬಕ್ಕೂ ಅದನ್ನೇ ಉಟ್ಟರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ದಿನಗಳ ಮೇಲೆ ಕಾಕು ತಾವೇ ದವಾಖಾನೆಗೆ ಬಂದು ತೋಳು ಚಾಚಿದರು. "ನನ್ನ ಬಿಪಿ ನೋಡ್ರಿ ಬಾಯಾರ. ತಲಿ ಸಿಡಿಯಾಕತ್ತೈತಿ, ನಿದ್ದಿಲ್ಲ."

"ಈಗೇನು ಚಿಂತೆ ನಿಮಗೆ? ಕಾಕಾಗೆ ಕಣ್ಣು ಬಂತಲ್ಲ?"

"ಅದಕ್ಕರಿ! ಅವರಿಗೆ ತುಟಿ ಕಾಣದಾಗ ಮಗ್ಗದ ಮುಂದ ನಿಂತು ಮನಸಿನ್ಯಾಗಿಂದೆಲ್ಲಾ ಅಂದ ಬಿಡತಿದ್ನಿ. ಹಗರಕ್ಕಿತ್ತು. ನಿನ್ನಿ ಹಂಗ ರೂಢೀಲೆ ಮೊಂಡ ಮನಷ್ಯಾ ಅಂದ್ನಿ. ಆ ಕಡಿಂದ ಅಂದ್ರು, 'ಮೊಂಡಂದ್ರ ಮೊಂಡ, ಬಿಪಿ ಮಾತ್ರ ಛಲೋ ಐತಿ ನೋಡ!'"

ಬಾಯಾರು ಗೋಡೆಯ ಈಚೆ ಕೂತಿದ್ದ ನನಗೆ ಕೇಳುವ ಹಾಗೆ, ಇಲ್ಲಿ ಕಲಿತ ದನಿಯಲ್ಲಿಯೇ ಹೇಳಿದರು: "ಇದಕ್ಕೆ ಒಂದು ಮದ್ದಿದೆ. ನಮ್ಮ ಔಷಧದ ಅಂಗಡಿಯವರು ತಗೋತಾ ಇದ್ದಾರೆ, ಅವರಿಗೆ ಗುಣ ಕಂಡಿದೆ. ಗೋಡೆ ಕಡೆ ಮುಖ ಮಾಡಿ ಬೈಯಿರಿ."

ಈಗ ಮಧ್ಯಾಹ್ನದ ಹೊತ್ತು ಆ ಕೋಣೆಯಲ್ಲಿ ಮೂಡಣ ಗೋಡೆಗೆ ಕಾಕು, ಪಡುವಣ ಗೋಡೆಗೆ ನಾನು. ಕಾಕುವಿನ ತಲೆನೋವು ಹೋಗಿದೆ, ನನ್ನ ಕುತ್ತಿಗೆ ನೆಟ್ಟಗಿದೆ. ಮೊನ್ನೆ ಮಾತ್ರ ಕಾಕಾ ಗುಟ್ಟಾಗಿ ಬಾಯಾರ ಹತ್ತಿರ ಹೋಗಿದ್ದರು. ಗುಟ್ಟು ಅಂದರೆ ಅವರ ಗುಟ್ಟು. ನನಗೆ ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಬಾಯಾರ, ಜಮಖಂಡಿ ಡಾಕ್ಟರಿಗೆ ಇನ್ನೊಂದ್ ಸಲ ಫೋನ್ ಹಚ್ಚರಿ. ಕಣ್ಣಾಗ ಏನೋ ಉಳದೈತಿ. ಶಾಣ್ಯಾರಿಬ್ಬರು ಗ್ವಾಡಿ ಕೂಡ ಮಾತಾಡಿದಂಗ ಕಾಣಾಕತ್ತೈತಿ."